ಬಂದೂಕಿನ ಬುಡ

ಮುಂಗಾರಿನ ಮೊದಲ ಹದ ಮಳೆಯಾಗಿ ಎರೆಹೊಲ ಮೆತ್ತಗಾಗುವ ಹೊತ್ತಿಗೆ ಬೈಲಹೊಂಗಲ, ಸವದತ್ತಿ ಕಡೆಯ ಹಳ್ಳಿಗಳಲ್ಲಿ ಬಡಿಗೇರರ ಮನೆಯ ಮುಂದೆ ಜನ ಕೂಡುತ್ತಾರೆ. ಒಬ್ಬರ ಕೈಯಲ್ಲಿ ಕಾವು ಸಡಿಲಾದ ಗುದ್ದಲಿ, ಇನ್ನೊಬ್ಬರ ಹೆಗಲ ಮೇಲೆ ತಲೆ ಅಲುಗುವ ಕೊಡಲಿ. ಬೇಸಿಗೆಯ ಬಿಸಿಲಿಗೆ ಕಟ್ಟಿಗೆ ಒಣಗಿ ಸೊರಗಿರುತ್ತದೆ, ಕಬ್ಬಿಣದ ತೂತು ಮಾತ್ರ ಇದ್ದಷ್ಟೇ ಇರುತ್ತದೆ. ಸಡಿಲಾದ ಗುದ್ದಲಿಯಷ್ಟು ಸಿಟ್ಟು ತರಿಸುವ ಸಾಮಾನು ಒಕ್ಕಲುತನದಲ್ಲಿ ಇನ್ನೊಂದಿಲ್ಲ. ಎತ್ತುವಾಗ ಒಂದು ಕಡೆ ವಾಲುತ್ತದೆ, ಬೀಳುವಾಗ ಇನ್ನೊಂದು ಕಡೆ. ಕೊಡಲಿಯಾದರೆ ಸಿಟ್ಟಿನ ಜೊತೆಗೆ ಅಂಜಿಕೆಯೂ ಸೇರುತ್ತದೆ. ಬೀಸಿದ ಏಟಿಗೆ ತಲೆ ಕಳಚಿ ಹಾರಿದರೆ ಎದುರಿಗೆ ಯಾರು ನಿಂತಿದ್ದಾರೆ ಎಂದು ಅದು ನೋಡುವುದಿಲ್ಲ.

“ಕಾಕಾ, ರಾತ್ರಿಯೆಲ್ಲಾ ನೀರಾಗ ಇಟ್ಟಿದ್ನಿ. ಮತ್ತ ಸಡ್ಲ ಆಗೇತಿ ನೋಡ್ರಿ.”

“ನೀರಿಗೆ ಉಬ್ಬಿದ್ದು ಬಿಸಲಿಗೆ ಇಳೀತೈತಿ ತಮ್ಮಾ. ಕಾವು ತೂತಿಗೆ ಕೂಡಬೇಕು.”

ಇಷ್ಟು ಹೇಳಿ ಬಡಿಗೇರ ಜಾಲಿ ಕಟ್ಟಿಗೆಯ ಹೊಸ ಕಾವು ತೆಗೆದುಕೊಳ್ಳುತ್ತಾನೆ. ಬಾಚಿಯಿಂದ ತುದಿಯನ್ನು ತುಸು ಹೆರೆದು ಕೊಡಲಿಯ ತೂತಿಗೆ ತೂರಿಸಿ ಎರಡು ಏಟು ಹಾಕುತ್ತಾನೆ, ಮತ್ತೆ ಹೊರಗೆ ಎಳೆಯುತ್ತಾನೆ. ಎಳೆದ ಕಾವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾನೆ. ಕಬ್ಬಿಣ ತಿಕ್ಕಿದ ಕಡೆ ಕಟ್ಟಿಗೆ ಮಿರಿಮಿರಿ ಹೊಳೆಯುತ್ತಿರುತ್ತದೆ. ಆ ಹೊಳೆಯುವ ಜಾಗವನ್ನಷ್ಟೇ ಹೆರೆದು ಮತ್ತೆ ತೂರಿಸುತ್ತಾನೆ. ಕಾದು ನಿಂತವನಿಗೆ ಇದು ಮುಗಿಯದ ಕೆಲಸ ಅನಿಸಿದರೂ ಬಡಿಗೇರ ಅವಸರ ಮಾಡುವುದಿಲ್ಲ. ಒಮ್ಮೆ ಹೆಚ್ಚು ಹೆರೆದರೆ ಹೋದ ಕಟ್ಟಿಗೆ ತಿರುಗಿ ಬರುವುದಿಲ್ಲ.

ಇದೇ ಕೆಲಸವನ್ನು ಅಮೆರಿಕದಲ್ಲಿಯೂ ಯುರೋಪಿನಲ್ಲಿಯೂ ಸಾವಿರಾರು ಹವ್ಯಾಸಿಗಳು ಬಂದೂಕಿನ ಮೇಲೆ ಮಾಡುತ್ತಾರೆ. ಹಳೆಯ ಕಾಲದ, ಬಾಯಿಯಿಂದಲೇ ಮದ್ದು ಗುಂಡು ತುಂಬಿ ಗಜ ಹಾಕುವ ಬಂದೂಕಿನ ಬಿಡಿಭಾಗಗಳು ಅಲ್ಲಿ ಒಂದು ಪೆಟ್ಟಿಗೆಯಲ್ಲಿ ಸಿಗುತ್ತವೆ. ಕಬ್ಬಿಣದ ನಳಿಗೆ, ಚಕಮಕಿಯ ಯಂತ್ರ, ಅರ್ಧಂಬರ್ಧ ಕೆತ್ತಿದ ಮರದ ಹಿಡಿ, ಹಿತ್ತಾಳೆಯ ಪಟ್ಟಿಗಳು, ಒಂದು ಹಿಡಿ ತಿರುಪು. ಇಟಲಿಯ ಗಾರ್ದೋನೆಯಲ್ಲಿ 1957ರಲ್ಲಿ ಶುರುವಾದ ಪೆದೆರ್ಸೋಲಿ ಕಾರ್ಖಾನೆ ಇಂಥ ಹಳೆಯ ನಮೂನೆಗಳಿಗೇ ಹೆಸರಾಗಿದೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಮುತ್ತ 18ನೆಯ ಶತಮಾನದಲ್ಲಿ ಜರ್ಮನಿಯಿಂದ ಬಂದು ನೆಲೆಸಿದ ಕಮ್ಮಾರರು ಮಾಡುತ್ತಿದ್ದ ಉದ್ದ ನಳಿಗೆಯ ರೈಫಲ್ಲಿಗೆ ಅಮೆರಿಕದಲ್ಲಿ ಇಂದಿಗೂ ಪ್ರೀತಿ ಹೋಗಿಲ್ಲ. ಅಲ್ಲಿಯ 1968ರ ಕಾನೂನು ಇಂಥ ಬಂದೂಕನ್ನು ಉಳಿದ ಬಂದೂಕುಗಳ ಸಾಲಿಗೆ ಸೇರಿಸಿಲ್ಲ. ಹಾಗಾಗಿ ನಿವೃತ್ತ ಮಾಸ್ತರರು, ಬಡಗಿ ಕೆಲಸದ ಹುಚ್ಚಿನವರು ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿಕೊಂಡು ಕೂಡುತ್ತಾರೆ.

ನಮ್ಮಲ್ಲಿ ಹಾಗೆ ಕೂಡುವಂತಿಲ್ಲ. 1959ರ ಆಯುಧ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ತಯಾರಿಸುವುದು, ದುರಸ್ತಿ ಮಾಡುವುದು, ಪರೀಕ್ಷಿಸುವುದು ಎಲ್ಲವೂ ಅಪರಾಧ. ಬಾಯಿಯಿಂದ ತುಂಬುವ ಕೇಪಿನ ಕೋವಿ ಎಂದು ರಿಯಾಯಿತಿ ಸಿಗುವುದಿಲ್ಲ. ಇದು ಒಳ್ಳೆಯದೇ. ಆದರೂ ಆ ಮೇಜಿನ ಮೇಲೆ ನಡೆಯುವ ಕೆಲಸ ಏನು, ಅದರಲ್ಲಿ ಜೀವಕ್ಕೆ ಅಪಾಯ ಎಲ್ಲಿ ಕೂತಿದೆ ಎಂಬುದು ಕಿತ್ತೂರು ಸೀಮೆಯವರು ತಿಳಿಯಬೇಕಾದ ಸಂಗತಿ. ಈ ಸೀಮೆಯ ಅರ್ಧ ಇತಿಹಾಸ ಬಂದೂಕಿನ ಹೊಗೆಯಲ್ಲಿ ಬರೆದದ್ದು.

ಪೆಟ್ಟಿಗೆಯ ಬಂದೂಕಿನಲ್ಲಿ ನಳಿಗೆಯನ್ನು ಹಿಡಿಯೊಳಗೆ ಕೂಡಿಸುವುದು ಎಲ್ಲಕ್ಕಿಂತ ನಿಧಾನದ ಕೆಲಸ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ನಳಿಗೆಯ ಅಡಿಗೆ ತೆಳ್ಳಗೆ ಸವರುತ್ತಾರೆ. ಕೆತ್ತಿದ ಕಾಲುವೆಯೊಳಗೆ ನಳಿಗೆಯನ್ನು ಇಳಿಸಿ ಮೆಲ್ಲಗೆ ತಟ್ಟಿ ಮೇಲೆತ್ತುತ್ತಾರೆ. ಕಟ್ಟಿಗೆ ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಕಪ್ಪು ಅಂಟಿರುತ್ತದೆ. ಆ ಕಪ್ಪನ್ನಷ್ಟೇ ಉಳಿಯಿಂದ ಕೆರೆದು ಮತ್ತೆ ಮಸಿ, ಮತ್ತೆ ತಟ್ಟುವುದು, ಮತ್ತೆ ಕೆರೆಯುವುದು. ಮೊದಮೊದಲು ಅಲ್ಲೊಂದು ಇಲ್ಲೊಂದು ಚುಕ್ಕೆ ಕಾಣುತ್ತದೆ. ದಿನಗಳು ಕಳೆದಂತೆ ಚುಕ್ಕೆಗಳು ಹತ್ತಿರ ಬರುತ್ತವೆ. ಕಡೆಗೆ ಕಾಲುವೆಯ ಉದ್ದಕ್ಕೂ ಒಂದೇ ಸಮನೆ ಮಸಿ ಹತ್ತಿದಾಗ ಕಬ್ಬಿಣವೂ ಕಟ್ಟಿಗೆಯೂ ಕೂಡಿದವು ಎಂದು ಲೆಕ್ಕ. ಬೆಳಗಾವಿಯ ಕಾರ್ಖಾನೆಗಳಲ್ಲಿ ಫಿಟರ್ ಕೆಲಸ ಕಲಿತವರಿಗೆ ಇದು ಹೊಸದಲ್ಲ. ಅವರು ಮಸಿಯ ಬದಲು ನೀಲಿ ಬಣ್ಣ ಹಚ್ಚಿ, ಎರಡು ಲೋಹದ ಮುಖಗಳನ್ನು ಒಂದಕ್ಕೊಂದು ತಿಕ್ಕಿ, ನೀಲಿ ಹತ್ತಿದ ಕಡೆ ಸ್ಕ್ರೇಪರ್ ಆಡಿಸುತ್ತಾರೆ.

ಹೀಗೆ ಕೂಡಿಸುವುದು ಅಂದಕ್ಕಾಗಿ ಅಂದುಕೊಂಡವರೇ ಹೆಚ್ಚು. ಬಂದೂಕು ಹಾರಿದಾಗ ಗುಂಡು ಎಷ್ಟು ಬಲದಿಂದ ಮುಂದೆ ಹೋಗುತ್ತದೋ ಅಷ್ಟೇ ಬಲ ನಳಿಗೆಯನ್ನು ಹಿಂದಕ್ಕೆ ತಳ್ಳುತ್ತದೆ. ನಳಿಗೆಯ ಬುಡ ಕಟ್ಟಿಗೆಯ ಮೇಲೆ ಪೂರ್ತಿ ಒರಗಿದ್ದರೆ ಆ ಏಟು ಹಿಡಿಯುದ್ದಕ್ಕೂ ಹರಡಿ ಭುಜಕ್ಕೆ ಬರುತ್ತದೆ. ಒಂದು ಮೂಲೆ ಮಾತ್ರ ತಾಗಿದ್ದರೆ ಹಿಡಿ ಅತ್ಯಂತ ಸಣ್ಣಗಿರುವ ಕಡೆ, ಅಂದರೆ ಕೈ ಸುತ್ತಿ ಹಿಡಿಯುವ ಜಾಗದಲ್ಲಿಯೇ, ಸೀಳುತ್ತದೆ.

ಬುಡದ ಮಾತು ಇಲ್ಲಿಗೇ ಮುಗಿಯುವುದಿಲ್ಲ. ನಳಿಗೆ ಅಂದರೆ ಎರಡೂ ಕಡೆ ತೆರೆದ ಕೊಳವೆ. ಹಿಂದಿನ ಬಾಯಿಯನ್ನು ತಿರುಪಿನ ಬಿರಡೆಯೊಂದು ಮುಚ್ಚಿರುತ್ತದೆ. ಹಾರಿಸುವವನ ಮುಖಕ್ಕೂ ಉರಿಯುವ ಮದ್ದಿಗೂ ನಡುವೆ ಇರುವುದು ಬೆರಳಿನ ಗೆಣ್ಣಿನಷ್ಟು ಉದ್ದದ ಆ ಬಿರಡೆ ಒಂದೇ. ಅದರ ಮೂತಿ ಒಳಗಿನ ಅಂಚಿಗೆ ಗಚ್ಚಾಗಿ ಕೂತಿರಬೇಕು. ಸಂದು ಉಳಿದರೆ ಅಲ್ಲಿ ಮಸಿಯೂ ತೇವವೂ ಸೇರಿ ತಿರುಪನ್ನು ಒಳಗಿಂದೊಳಗೆ ತಿನ್ನುತ್ತವೆ. ಒಳ್ಳೆಯ ತಯಾರಕರು ಈ ಬಿರಡೆಯನ್ನು ತಾವೇ ಕೂಡಿಸಿ ಕಳಿಸುತ್ತಾರೆ. ಹಳೆಯ ಅನುಭವಿಗಳು ಹೊಸಬರಿಗೆ ಮೊದಲು ಹೇಳುವ ಮಾತೂ ಅದೇ: ಬುಡದ ಬಿರಡೆಗೆ ಕೈ ಹಚ್ಚಬೇಡ. ಬಿಚ್ಚಿ ನೋಡುವ ಕುತೂಹಲ ಯಾರಿಗಾದರೂ ಇರುತ್ತದೆ, ಬಿಚ್ಚಿದ್ದನ್ನು ಮೊದಲಿನಂತೆ ಬಿಗಿಯುವ ಸಾಧನ ಎಲ್ಲರ ಮನೆಯಲ್ಲೂ ಇರುವುದಿಲ್ಲ.

ಬುಡ ಕೈಕೊಟ್ಟಾಗ ಅರಸನೆಂದೂ ಬಂಟನೆಂದೂ ಭೇದವಿಲ್ಲ. 1460ರಲ್ಲಿ ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸ್ ರಾಕ್ಸ್‌ಬರೋ ಕೋಟೆಯ ಮುತ್ತಿಗೆಯಲ್ಲಿ ತನ್ನದೇ ಫಿರಂಗಿಯ ಪಕ್ಕ ನಿಂತಿದ್ದ. ಫಿರಂಗಿ ಒಡೆದು ಅದರ ಚೂರಿಗೆ ಸತ್ತ. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲಿ ರಾಜಸನ್ನದು ಸಿಕ್ಕಿತು. ಅವರು ಪ್ರತಿ ನಳಿಗೆಗೂ ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ, ದೂರದಿಂದ ಹಾರಿಸಿ, ಉಳಿದುಕೊಂಡದ್ದಕ್ಕೆ ಮಾತ್ರ ಮುದ್ರೆ ಒತ್ತುತ್ತಿದ್ದರು. ಬರ್ಮಿಂಗ್‌ಹ್ಯಾಮಿನಲ್ಲಿ ಇಂಥದೇ ಪರೀಕ್ಷಾಗೃಹ 1813ರ ಕಾಯ್ದೆಯಿಂದ ಬಂತು. ಹಳೆಯ ಇಂಗ್ಲಿಷ್ ಬಂದೂಕಿನ ಬುಡದ ಹತ್ತಿರ ಬೆರಳಾಡಿಸಿದರೆ ಆ ಮುದ್ರೆಯ ತಗ್ಗು ಈಗಲೂ ತಾಗುತ್ತದೆ. ಕಣ್ಣಿಗೆ ಅಲಂಕಾರದಂತೆ ಕಾಣುವ ಆ ಚಿಕ್ಕ ಗುರುತಿನ ಹಿಂದೆ ಒಡೆದುಹೋದ ಎಷ್ಟೋ ನಳಿಗೆಗಳಿವೆ.

ಬಿರಡೆಯ ಮೂತಿಗೆ ತುಸು ಮುಂದೆ ನಳಿಗೆಯ ಬದಿಯಲ್ಲಿ ದಬ್ಬಣ ಹೋಗುವಷ್ಟು ತೂತು ಇರುತ್ತದೆ. ಹೊರಗಿನ ಬಟ್ಟಲಿನಲ್ಲಿ ರಂಜಕದ ಮದ್ದು, ಒಳಗೆ ತುಂಬಿದ ಮದ್ದು, ನಡುವೆ ಈ ತೂತು. ಚಕಮಕಿಯ ಕಿಡಿ ಬಟ್ಟಲಿಗೆ ಬಿದ್ದು ಅಲ್ಲಿಂದ ತೂತು ಹೊಕ್ಕು ಒಳಗೆ ಮುಟ್ಟಬೇಕು. ತೂತು ಹಿಂದಕ್ಕೆ ಸರಿದರೆ ಬಿರಡೆಗೆ ಅಡ್ಡವಾಗಿ ಬೆಂಕಿ ಒಳಗೆ ಹೋಗುವುದೇ ಇಲ್ಲ. ಬಟ್ಟಲು ಭಗ್ಗೆಂದರೂ ಗುಂಡು ಹಾರುವುದಿಲ್ಲ. ಇಂಥ ಹೊತ್ತು ಬಹಳ ಕೆಟ್ಟದ್ದು. ಒಳಗೆ ಕಿಡಿ ಹೊಗೆಯಾಡುತ್ತಿರಬಹುದು, ಎರಡು ಉಸಿರಿನ ನಂತರ ಹಾರಬಹುದು. ಅದಕ್ಕೇ ಹಾರದ ಬಂದೂಕಿನ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಸಾಕಷ್ಟು ಹೊತ್ತು ನಿಲ್ಲಬೇಕೆಂದು ಕಲಿಸುತ್ತಾರೆ.

ಸರಿಯಾಗಿ ಕೂಡಿಸಿದ ಚಕಮಕಿಯಲ್ಲೂ ಬಟ್ಟಲು ಹೊತ್ತುವುದಕ್ಕೂ ಗುಂಡು ಹೊರಡುವುದಕ್ಕೂ ನಡುವೆ ಕಣ್ಣೆವೆ ಬಡಿಯುವಷ್ಟು ಅಂತರ ಉಳಿದೇ ಉಳಿಯುತ್ತದೆ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಹಳ್ಳಿಯ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್‌ನನ್ನು ಕಾಡಿದ್ದು ಈ ಅಂತರವೇ. ಆತ ಹಕ್ಕಿ ಬೇಟೆಗೆ ಹೋದಾಗ ಬಟ್ಟಲಿನ ಬೆಳಕು ಕಂಡ ಹಕ್ಕಿಗಳು ಗುಂಡು ತಲುಪುವುದರೊಳಗೆ ಜಾಗ ಬಿಡುತ್ತಿದ್ದವು. ಏಟು ಬಿದ್ದರೆ ಹೊತ್ತಿಕೊಳ್ಳುವ ಪುಡಿಯನ್ನು ಬಳಸಿ ಬೆಳಕು ಹೊರಗೆ ಕಾಣದಂತೆ ಮಾಡಿದ ಆತ 1807ರಲ್ಲಿ ಅದರ ಹಕ್ಕುಪತ್ರ ಪಡೆದ. ಅದೇ ಮುಂದೆ ತಾಮ್ರದ ಕೇಪು ಆಯಿತು. ಮಲೆನಾಡಿನ ರೈತರ ಬಾಯಲ್ಲಿ ಇಂದಿಗೂ ಇರುವ ಕೇಪಿನ ಕೋವಿಯ ಮೂಲ ಒಬ್ಬ ಪಾದ್ರಿಯ ಕೈಗೆ ಸಿಗದ ಹಕ್ಕಿಗಳಲ್ಲಿದೆ.

ಹಕ್ಕಿ ಎಂದಾಗ ಈ ಸೀಮೆಯಲ್ಲಿ ಮೊದಲು ನೆನಪಾಗಬೇಕಾದದ್ದು ನವಿಲು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಸವದತ್ತಿಯ ಹತ್ತಿರ ಗುಡ್ಡ ಸೀಳಿಕೊಂಡು ಹಾಯುವ ಕಡೆ ನವಿಲುತೀರ್ಥವಿದೆ. ಅಲ್ಲೇ ಅಣೆಕಟ್ಟು, ಅದರ ಹಿಂದೆ ರೇಣುಕಾಸಾಗರದ ನೀರು. ನವಿಲು 1963ರಲ್ಲಿ ರಾಷ್ಟ್ರಪಕ್ಷಿಯಾಯಿತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದರ ಮೇಲೆ ಬಂದೂಕು ಎತ್ತುವುದು ದೊಡ್ಡ ಅಪರಾಧ. ಶೇಂಗಾ, ಗೋವಿನಜೋಳದ ಬೀಜ ಹೆಕ್ಕಿ ತಿನ್ನುವ ನವಿಲಿನ ಮೇಲೆ ರೈತರಿಗೆ ಸಿಟ್ಟಿದೆ ನಿಜ. ಆ ಸಿಟ್ಟಿಗೆ ಉತ್ತರ ಕೂಗಾಟ, ತಗಡಿನ ಡಬ್ಬಿಯ ಬಡಿತ. ಕೇಪು ಬಂದು ಹಕ್ಕಿಗಳ ಹತ್ತಿರ ಇದ್ದ ಒಂದು ಕ್ಷಣದ ಮುನ್ಸೂಚನೆಯನ್ನು ಕಸಿದುಕೊಂಡಿತ್ತು. ಅದರ ಬದಲಿಗೆ ಕಾನೂನು ಕೊಟ್ಟ ರಕ್ಷಣೆ ಹೆಚ್ಚು ಗಟ್ಟಿಯಾದದ್ದು.

ಮತ್ತೆ ಬಂದೂಕಿಗೆ ಬಂದರೆ, ನಳಿಗೆಯನ್ನು ಹಿಡಿಗೆ ಬಿಗಿಯುವ ರೀತಿ ದೇಶದಿಂದ ದೇಶಕ್ಕೆ ಬೇರೆ. ನಮ್ಮ ಹಳೆಯ ಬತ್ತಿ ಬಂದೂಕುಗಳಲ್ಲಿ ಚರ್ಮದ ಬಾರಿನಿಂದಲೋ ಲೋಹದ ತಂತಿಯಿಂದಲೋ ನಳಿಗೆಯನ್ನೂ ಹಿಡಿಯನ್ನೂ ಸೇರಿಸಿ ಸುತ್ತಿರುತ್ತಾರೆ. ನಳಿಗೆಗೆ ಎಲ್ಲಿಯೂ ಕೊರೆತವಿಲ್ಲ, ಅದರ ಗೋಡೆ ತೆಳುವಾಗುವ ಭಯವಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ ಚಕಮಕಿ ಬಂದೂಕಿನಲ್ಲಿ ನಳಿಗೆಯ ಅಡಿಗೆ ಚಿಕ್ಕ ಕಿವಿಗಳಿದ್ದು ಅವುಗಳಲ್ಲಿ ಮೊಳೆ ಹಾಯಿಸುತ್ತಿದ್ದರು. ಪೆಟ್ಟಿಗೆಯ ಬಂದೂಕು ಜೋಡಿಸುವವರಿಗೆ ಬುಡದ ಬಿರಡೆಯ ನಂತರ ಇದು ಎರಡನೆಯ ಕಂಟಕ. ಕಿವಿ ಕೂಡಿಸಲು ನಳಿಗೆಯನ್ನು ತುಸು ಆಳ ಕೊರೆದರೂ ಅಲ್ಲಿ ಗೋಡೆ ಸೋಲುತ್ತದೆ. ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಮೂರನೆಯದು ಕುದುರೆ, ಅಂದರೆ ಚಕಮಕಿ ಕಲ್ಲನ್ನು ಕಚ್ಚಿ ಹಿಡಿದ ಸುತ್ತಿಗೆ. ಅರ್ಧ ಎಳೆದ ಕುದುರೆ ತಡೆದು ನಿಲ್ಲಬೇಕು, ಟ್ರಿಗರ್ ಒತ್ತಿದರೂ ಬೀಳಬಾರದು. ಹಿಡಿಯೊಳಗಿನ ಕಟ್ಟಿಗೆ ಒಂದು ನೂಲಿನಷ್ಟು ಉಳಿದು ಒಳಗಿನ ಸನ್ನೆಯನ್ನು ಒತ್ತುತ್ತಿದ್ದರೆ ಆ ತಡೆ ಪೂರ್ತಿ ಕಚ್ಚುವುದಿಲ್ಲ. ಹಾಗಾಗಿ ಬಂದೂಕಿನಲ್ಲಿ ಮದ್ದಿನ ಕಣವೂ ಇಲ್ಲದಾಗ ನೂರು ಸಲ ಎಳೆದು, ಕುಲುಕಿ, ತಟ್ಟಿ ನೋಡುವುದು ಜೋಡಿಸುವವರ ಪದ್ಧತಿ.

ಜೋಡಿಸುವ ಕೆಲಸಕ್ಕೆ ದೊರೆಯೇ ಮನಸ್ಸು ಕೊಟ್ಟ ಕಾಲವೂ ಕರ್ನಾಟಕದಲ್ಲಿತ್ತು. ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದಲ್ಲಿ ತಯಾರಾದ ಚಕಮಕಿ ಬಂದೂಕುಗಳ ಮೇಲೆ ಹುಲಿಯ ಮುಖ, ಹುಲಿಪಟ್ಟೆಯ ಕೆತ್ತನೆ. 2015ರಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಅವುಗಳಲ್ಲಿ ಕೆಲವು ಮಾರಾಟವಾದವು. 2018ರಲ್ಲಿ ಹೊಸನಗರ ತಾಲೂಕಿನ ನಗರದಲ್ಲಿ, ಹಳೆಯ ಬಿದನೂರಿನಲ್ಲಿ, ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಅವೂ ಕಬ್ಬಿಣದ ಕೊಳವೆಗಳೇ, ಅವುಗಳ ಬಲವೂ ಒಂದು ತುದಿಯನ್ನು ಎಷ್ಟು ಭದ್ರವಾಗಿ ಮುಚ್ಚಿದ್ದಾರೆ ಎಂಬುದರ ಮೇಲೆಯೇ.

ಇನ್ನು ಕಿತ್ತೂರು. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಗೆ ಈತ ಚಿಕ್ಕಪ್ಪನಾಗಬೇಕು. ಗುಂಡು ಹೊಡೆದ ಅಮಟೂರ ಬಾಳಪ್ಪನ ಹೆಸರು ಬೈಲಹೊಂಗಲ ತಾಲೂಕಿನ ಶಾಲೆಯ ಮಕ್ಕಳಿಗೂ ಗೊತ್ತು. ಆ ಬಂದೂಕಿನ ನಳಿಗೆ ಕಾಸಿ ಬಡಿದವರು ಯಾರು, ಬುಡ ಕೂಡಿಸಿದವರು ಯಾರು ಎಂದು ಕೇಳಿದವರು ಕಡಿಮೆ. ಕಿತ್ತೂರು ರಾಣಿ ಚೆನ್ನಮ್ಮನ ಕೋಟೆಯಲ್ಲಿ ಕಂಬಾರರೂ ಬಡಿಗೇರರೂ ಇಲ್ಲದೆ ಆ ದಿನ ನಡೆಯುತ್ತಿರಲಿಲ್ಲ. ಗುರಿ ಇಟ್ಟವನಿಗೆ ಸಲ್ಲುವ ಮಾನದಲ್ಲಿ ಒಂದು ಪಾಲು ಅವರಿಗೂ ಸೇರಬೇಕು.

ಡಿಸೆಂಬರಿನಲ್ಲಿ ಕಂಪನಿ ದೊಡ್ಡ ದಂಡು ಕಟ್ಟಿಕೊಂಡು ಮತ್ತೆ ಬಂದಾಗ ಕಿತ್ತೂರು ಸೋತಿತು. ಒಳಗಿನ ದ್ರೋಹಿಗಳು ಮದ್ದಿಗೆ ಸಗಣಿ ಬೆರೆಸಿದ್ದರು ಎಂದು ಈ ಸೀಮೆಯ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಆ ಮಾತು ನೆನೆದಾಗಲೆಲ್ಲ ಇಂದಿಗೂ ಹೊಟ್ಟೆಯುರಿಯುತ್ತದೆ. ನಳಿಗೆ ಗಟ್ಟಿ, ಬಿರಡೆ ಗಟ್ಟಿ, ಹಿಡಿದ ಕೈ ಗಟ್ಟಿ, ಆದರೆ ಒಳಗೆ ತುಂಬಿದ್ದೇ ಕೆಟ್ಟಿದ್ದರೆ ಕುಶಲಕರ್ಮಿ ಏನು ಮಾಡಬೇಕು? ಮದ್ದಿನ ಜೀವಾಳವಾದ ಪೆಟ್ಲುಪ್ಪನ್ನು ಹಿಂದೆ ದನದ ಕೊಟ್ಟಿಗೆಯ ಮಣ್ಣನ್ನು ತೊಳೆದು, ಆ ನೀರನ್ನು ಕಾಸಿ ತೆಗೆಯುತ್ತಿದ್ದರು. ಸಗಣಿ ಗಂಜಳ ಕುಡಿದ ಮಣ್ಣಿನಿಂದಲೇ ಹುಟ್ಟಿದ ಮದ್ದನ್ನು ಹಸಿ ಸಗಣಿ ಕೆಡಿಸಿತಂತೆ. ಈಗಿನ ಹವ್ಯಾಸಿಗಳ ತಪ್ಪು ಇದಕ್ಕೆ ತಿರುಗಾಮುರುಗಾ. ಅವರು ಮದ್ದನ್ನು ಸಪ್ಪೆ ಮಾಡುವುದಿಲ್ಲ, ಉಗ್ರ ಮಾಡುತ್ತಾರೆ. ಹಳೆಯ ನಮೂನೆಯ ಬಂದೂಕಿಗೆ ಕರಿಮದ್ದು ಮಾತ್ರ ಸಲ್ಲುತ್ತದೆ. ಹೊಗೆ ಬಾರದ ಹೊಸ ಮದ್ದು ಹಾಕಿದರೆ ಒತ್ತಡ ತಡೆಯಲಾರದೆ ನಳಿಗೆ ಒಡೆಯುತ್ತದೆ. ಗುಂಡನ್ನು ಮದ್ದಿನವರೆಗೆ ತಳ್ಳದೆ ನಡುವೆ ಬಿಟ್ಟರೂ ಅದೇ ಗತಿ.

1857ರ ಹೊತ್ತಿಗೆ ಕಂಪನಿಯ ಸಿಪಾಯಿಗಳ ಕೈಗೆ ಬಂದ ಎನ್‌ಫೀಲ್ಡ್ ಕೂಡ ಬಾಯಿಯಿಂದಲೇ ತುಂಬುವ ರೈಫಲ್. ನಳಿಗೆಯ ಒಳಗೆ ಸುರುಳಿ ಗೀರುಗಳಿದ್ದು, ಗುಂಡು ಬಿಗಿಯಾಗಿ ಕೂತು ತಿರುಗುತ್ತ ಹೊರಡಬೇಕು. ಬಿಗಿಯಾದದ್ದು ಸಲೀಸಾಗಿ ಇಳಿಯಲಿ ಎಂದು ತೋಟಾದ ಕಾಗದಕ್ಕೆ ಜಿಡ್ಡು ಸವರಿದರು. ಆ ಜಿಡ್ಡು ಯಾವುದರದು ಎಂಬ ಪ್ರಶ್ನೆಯಿಂದ ಉತ್ತರ ಹಿಂದುಸ್ತಾನವೇ ಹೊತ್ತಿಕೊಂಡಿತು. ಅದೇ ವರ್ಷ ಕಂಪನಿ ಸರಕಾರ ಜನರ ಆಯುಧ ಕಸಿಯುವ ಕಾಯ್ದೆ ತಂದಾಗ ರಾಮದುರ್ಗದ ಉತ್ತರಕ್ಕಿರುವ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಆ ಕಥೆ ಲಾವಣಿಯಾಗಿ ಉಳಿಯಿತು, 1880ರ ದಶಕದಲ್ಲಿ ಇಂಗ್ಲಿಷ್ ಅಧಿಕಾರಿ ಫ್ಲೀಟ್ ಅದನ್ನು ಬರೆದುಕೊಂಡು ಅಚ್ಚು ಹಾಕಿಸಿದ. ಹಲಗಲಿಯ ಮರುವರ್ಷ ನರಗುಂದದ ಸಂಸ್ಥಾನಿಕ ಬಾಬಾಸಾಹೇಬನ ಫಿರಂಗಿಗಳನ್ನು ಧಾರವಾಡಕ್ಕೆ ಒಪ್ಪಿಸಬೇಕೆಂಬ ಅಪ್ಪಣೆಯೂ ಅವನ ಬಂಡಾಯಕ್ಕೆ ಒಂದು ಕಾರಣವಾಯಿತು. 1858ರ ಮೇ 29ರ ರಾತ್ರಿ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ಕಂಪನಿಯ ಅಧಿಕಾರಿ ಮ್ಯಾನ್ಸನ್ ಕೊಲೆಯಾದ. ಎರಡು ವಾರದೊಳಗೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಕೊಡಗಿನಲ್ಲಿ ಚರಿತ್ರೆ ಬೇರೆ ದಾರಿ ಹಿಡಿಯಿತು. ಅಲ್ಲಿಯ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದ ಬ್ರಿಟಿಷರ ಕಾಲದಲ್ಲಿ ಸಿಕ್ಕ ವಿನಾಯಿತಿ ಇಂದಿಗೂ ನಡೆದಿದೆ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ಕೋವಿ ತೊಳೆದು ಪೂಜೆ ಮಾಡಿ ಬಾಯಿಗೆ ತೋಕ್ ಪೂವು ಎಂಬ ಹೂವನ್ನು ಸಿಕ್ಕಿಸುತ್ತಾರೆ. ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಆದರೆ ವಿನಾಯಿತಿ ಇರುವುದು ಇಟ್ಟುಕೊಳ್ಳಲು, ಮನೆಯಲ್ಲಿ ತಯಾರಿಸಲು ಅಲ್ಲ. ಮಲೆನಾಡಿನ ಉಳಿದ ರೈತರು ಬೆಳೆ ಕಾಯಲು ಪರವಾನಗಿ ಪಡೆದು ಒಂಟಿನಳಿಗೆಯ ಕೋವಿ ಇಟ್ಟುಕೊಳ್ಳುತ್ತಾರೆ. ಚುನಾವಣೆ ಘೋಷಣೆಯಾದರೆ ಅದನ್ನು ಠಾಣೆಗೆ ಒಪ್ಪಿಸಬೇಕು. ಹಂದಿ, ಮಂಗಗಳಿಗೆ ಚುನಾವಣೆ ಗೊತ್ತಿಲ್ಲ ಎಂದು ಅವರು ಪ್ರತಿ ಸಲ ಅಹವಾಲು ಹೇಳಿಕೊಳ್ಳುತ್ತಾರೆ. ಆ ಅಹವಾಲಿನಲ್ಲಿ ನ್ಯಾಯವಿದೆ.

ಇಷ್ಟೆಲ್ಲ ಹೇಳಿದ ಮೇಲೆ ಹಳೆಯ ವಾಡೆಗಳ ಮಾತು ಬಿಡುವಂತಿಲ್ಲ. ಗೋಡೆಯ ಗೂಟಕ್ಕೋ ಅಟ್ಟದ ಮೂಲೆಗೋ ಸೇರಿದ ಮುತ್ತಜ್ಜನ ಬಂದೂಕನ್ನು ಮಕ್ಕಳು ಕೆಳಗಿಳಿಸಿ ಆಡುವುದು, ಹಬ್ಬಕ್ಕೆ ಎಣ್ಣೆ ಒರೆಸುವುದು ಇರುತ್ತದೆ. ಬಾಯಿಯಿಂದ ತುಂಬುವ ಬಂದೂಕು ತುಂಬಿದೆಯೋ ಇಲ್ಲವೋ ಹೊರಗೆ ಕಾಣುವುದಿಲ್ಲ. ತುಂಬಿಟ್ಟವರು ಕಾಲವಾಗಿ ನೂರು ವರ್ಷವಾದರೂ ಒಣಗಿದ ಕರಿಮದ್ದು ಹೊತ್ತುತ್ತದೆ. ಸಂಗ್ರಹಾಲಯದವರು ಹಳೆಯ ಬಂದೂಕು ಕೈಗೆ ಬಂದರೆ ಮೊದಲು ನೋಡುವುದು ಇದನ್ನೇ. ಮುಖವನ್ನೂ ಕೈಯನ್ನೂ ಬಾಯಿಯ ನೇರದಿಂದ ಸರಿಸಿ, ಕಟ್ಟಿಗೆಯ ಸಣ್ಣ ಕೋಲೊಂದನ್ನು ಮೆಲ್ಲಗೆ ಒಳಗೆ ಬಿಡುತ್ತಾರೆ. ತಡೆದ ಮೇಲೆ ಬಾಯಂಚಿನಲ್ಲಿ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಬದಿಗೆ ಇಟ್ಟು ಅಳೆಯುತ್ತಾರೆ. ಕೋಲಿನ ತುದಿ ಬುಡದ ತೂತಿನವರೆಗೆ ಬಂದರೆ ಒಳಗೆ ಖಾಲಿ. ಎರಡು ಮೂರು ಬೆರಳು ಮೊದಲೇ ನಿಂತರೆ ಅಲ್ಲೇನೋ ಕೂತಿದೆ. ಅದನ್ನು ಕೆದಕಿ ತೆಗೆಯುವುದು ಮನೆಯವರ ಕೆಲಸವಲ್ಲ. ಕುದುರೆ ಮುಟ್ಟದೆ, ಒಲೆಯಿಂದ ದೂರ ಇಟ್ಟು, ಠಾಣೆಗೆ ತಿಳಿಸಿದರೆ ಪೊಲೀಸರ ಆಯುಧ ವಿಭಾಗದ ಬಲ್ಲವರು ಬಂದು ನೋಡುತ್ತಾರೆ. ಮುತ್ತಜ್ಜನ ಹೆಸರಿನಲ್ಲಿದ್ದ ಪರವಾನಗಿ ಈಗ ಯಾರ ಹೆಸರಿಗಿದೆ ಎಂಬ ಕಾಗದವನ್ನೂ ಅದೇ ದಿನ ಹುಡುಕಿಟ್ಟುಕೊಳ್ಳಬೇಕು, ಠಾಣೆಯವರು ಅದನ್ನೇ ಮೊದಲು ಕೇಳುತ್ತಾರೆ.